ಕೈಯಲ್ಲೇ ಆಡುವ ಮಾತು: ಗೋ ಆಟದ ಹುಟ್ಟು ಮತ್ತು ಬೆಳವಣಿಗೆ

ಗೋ ಆಟದ ಚರಿತ್ರೆ ಓದಲು ಕೂತರೆ ಮೊದಲು ಎದುರಾಗುವುದು ಒಬ್ಬ ದೊರೆಯ ಕಥೆ. ಚೀನಾದ ಪುರಾಣಗಳಲ್ಲಿ ಬರುವ ಯಾವೊ ಎಂಬ ದೊರೆಗೆ ದಾನ್‌ಜು ಎಂಬ ಮಗ. ಮಾತು ಕೇಳದ ಹುಡುಗ. ಇವನಿಗೆ ತಾಳ್ಮೆ ಬರಲಿ, ಮನಸ್ಸು ಒಂದು ಕಡೆ ನಿಲ್ಲಲಿ ಅಂತ ಅಪ್ಪ ಈ ಆಟ ಕಟ್ಟಿಕೊಟ್ಟನಂತೆ. "ನಾಲ್ಕು ಸಾವಿರ ವರ್ಷ ಹಳೆಯ ಆಟ" ಎಂದು ಎಲ್ಲೆಲ್ಲೂ ಓದುತ್ತೇವಲ್ಲ, ಆ ಲೆಕ್ಕ ಹುಟ್ಟಿದ್ದು ಈ ಕಥೆಯಿಂದಲೇ. ಯಾವೊ ಎಂಬ ದೊರೆ ನಿಜಕ್ಕೂ ಇದ್ದ ಎನ್ನಲು ಪುರಾವೆಯೇ ಇಲ್ಲ.

ಹಾಗಾದರೆ ಯಾವುದನ್ನು ನಂಬುವುದು? ಈ ಟಿಪ್ಪಣಿ ಮಾಡಿಕೊಳ್ಳುವಾಗ ನಾನು ಒಂದು ದಾರಿ ಹಿಡಿದೆ. ಆಟದ ಹಿರಿಮೆ ಹೇಳಲೆಂದೇ ಬರೆದ ಮಾತಿಗಿಂತ, ಬೇರೇನೋ ಹೇಳುವಾಗ ಸುಮ್ನೆ ಬಾಯಿಗೆ ಬಂದ ಮಾತನ್ನು ಜಾಸ್ತಿ ನಂಬುವುದು. ಗೋ ವಿಷಯದಲ್ಲಿ ಅಂಥ ಮಾತುಗಳು ಬೇಕಾದಷ್ಟಿವೆ. ಅವನ್ನು ಹಿಡಿದು ಹೋದರೆ ದೊರೆಯ ಕಥೆಗಿಂತ ಚೆನ್ನಾದ ಚರಿತ್ರೆ ಸಿಗುತ್ತದೆ.

ಮೊದಲು ಆಟ ಹೇಗೆ ಅಂತ ನೋಡೋಣ

ಚೀನಾದಲ್ಲಿ ಇದಕ್ಕೆ ವೆಯ್‌ಚಿ ಎಂದು ಹೆಸರು. ಸುತ್ತುಗಟ್ಟುವ ಆಟ ಎಂದರ್ಥ. ಜಪಾನಿನಲ್ಲಿ ಇಗೋ, ಕೊರಿಯಾದಲ್ಲಿ ಬಾದುಕ್. ಪಶ್ಚಿಮ ದೇಶಗಳು ಇದನ್ನು ಜಪಾನಿನಿಂದ ಕಲಿತವು, ಹಾಗಾಗಿ 'ಗೋ' ಎಂಬ ಹೆಸರೇ ಹೊರಗೆಲ್ಲ ನಿಂತಿತು.

ಮಣೆಯ ಮೇಲೆ ಉದ್ದಕ್ಕೆ 19, ಅಡ್ಡಕ್ಕೆ 19 ಗೆರೆಗಳು. ಕಾಯಿ ಇಡುವುದು ಚೌಕದ ಒಳಗಲ್ಲ, ಗೆರೆಗಳು ಕೂಡುವ ಜಾಗದಲ್ಲಿ. ಅಂಥ ಜಾಗ ಒಟ್ಟು 361. ನಮ್ಮ ಹುಲಿ-ಕುರಿ ಆಟ ಆಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಅಲ್ಲೂ ಕಾಯಿ ಕೂರುವುದು ಗೆರೆ ಕೂಡುವಲ್ಲೇ, ಅಲ್ಲೂ ಕುರಿಗಳು ಗೆಲ್ಲುವುದು ಹುಲಿಯನ್ನು ಸುತ್ತುಗಟ್ಟಿಯೇ. ಎರಡು ಆಟಗಳಿಗೂ ನೆಂಟಸ್ತನ ಇದೆ ಅಂತ ನಾನು ಹೇಳುತ್ತಿಲ್ಲ. ಕಲಿಯಲು ಇದೊಂದು ಒಳ್ಳೆ ಮೆಟ್ಟಿಲು, ಅಷ್ಟೇ.

ಕಪ್ಪು ಒಬ್ಬರದು, ಬಿಳಿ ಇನ್ನೊಬ್ಬರದು. ಒಂದು ಸಲ ಇಟ್ಟ ಕಾಯಿ ನಡೆಯುವುದಿಲ್ಲ, ಇದ್ದಲ್ಲೇ ಇರುತ್ತದೆ. ಒಂದು ಕಾಯಿಯ ಪಕ್ಕದಲ್ಲಿ, ಗೆರೆಯ ಗುಂಟ, ಖಾಲಿ ಇರುವ ಜಾಗಗಳಿಗೆ ಚೀನೀಯರು 'ಚಿ' ಎನ್ನುತ್ತಾರೆ. ಉಸಿರು ಎಂದರ್ಥ. ನಡುವೆ ಒಂಟಿಯಾಗಿ ಕೂತ ಕಾಯಿಗೆ ನಾಲ್ಕು ಉಸಿರು, ಅಂಚಿನಲ್ಲಿ ಮೂರು, ಮೂಲೆಯಲ್ಲಿ ಎರಡೇ. ಎದುರಾಳಿ ಎಲ್ಲ ಉಸಿರನ್ನೂ ಕಟ್ಟಿದರೆ ಆ ಕಾಯಿ ಸತ್ತಂತೆ, ಮಣೆಯಿಂದ ಎತ್ತಬೇಕು. ಒಂದಕ್ಕೊಂದು ತಾಗಿ ಕೂತ ಒಂದೇ ಬಣ್ಣದ ಕಾಯಿಗಳು ಉಸಿರನ್ನು ಹಂಚಿಕೊಳ್ಳುತ್ತವೆ, ಸತ್ತರೆ ಒಟ್ಟಿಗೇ ಸಾಯುತ್ತವೆ.

ಇನ್ನೊಂದು ಮಾತು 'ಕಣ್ಣು'. ಒಂದು ಗುಂಪು ತನ್ನೊಳಗೇ ಕಟ್ಟಿಕೊಂಡ ಖಾಲಿ ಜಾಗವೇ ಕಣ್ಣು. ಒಂದೇ ಕಣ್ಣಿದ್ದರೆ ಎದುರಾಳಿ ಹೊರಗಿನ ಉಸಿರೆಲ್ಲ ಕಟ್ಟಿ, ಕೊನೆಗೆ ಆ ಕಣ್ಣಿನೊಳಗೂ ಕಾಯಿ ಇಟ್ಟು ಗುಂಪನ್ನು ಕೊಲ್ಲಬಹುದು. ಬೇರೆ ಬೇರೆ ಎರಡು ಕಣ್ಣಿದ್ದರೆ ಆಗುವುದಿಲ್ಲ. ಒಂದೇ ಸರದಿಯಲ್ಲಿ ಎರಡು ಕಡೆ ಕಾಯಿ ಇಡಲು ಬರುವುದಿಲ್ಲವಲ್ಲ. ಎರಡು ಕಣ್ಣಿನ ಗುಂಪಿಗೆ ಸಾವಿಲ್ಲ. ನಾನು ಇದನ್ನು ಕಲಿತದ್ದು ಚಾರ್ಟ್ ಹಾಳೆಯ ಮೇಲೆ 9 ಗೆರೆ ಎಳೆದು, ಹುಣಸೆ ಬೀಜ ಮತ್ತು ಅವರೆಕಾಳು ಇಟ್ಟುಕೊಂಡು. ಮೂಲೆಯಲ್ಲಿ ಭದ್ರವಾಗಿದೆ ಅಂದುಕೊಂಡಿದ್ದ ಹುಣಸೆ ಬೀಜದ ಗುಂಪು ಒಂದೇ ಕಣ್ಣಿನದು ಅಂತ ತಿಳಿದದ್ದು, ಅಷ್ಟನ್ನೂ ಬಾಚಿ ಎತ್ತಿಟ್ಟ ಮೇಲೆ. ಆ ದಿನದಿಂದ 'ಕಣ್ಣು' ಎಂಬ ಮಾತು ಮರೆತಿಲ್ಲ.

ಮೂರನೆಯದು 'ಕೋ'. ನೀವು ನನ್ನ ಒಂದು ಕಾಯಿ ಎತ್ತುತ್ತೀರಿ, ಅದೇ ಜಾಗದಲ್ಲಿ ನಾನು ನಿಮ್ಮದನ್ನು ಎತ್ತಬಹುದು, ಮತ್ತೆ ನೀವು. ಹೀಗೆ ಬಿಟ್ಟರೆ ಮುಗಿಯುವುದೇ ಇಲ್ಲ. ಅದಕ್ಕೇ ಕೂಡಲೇ ತಿರುಗಿ ಎತ್ತುವ ಹಾಗಿಲ್ಲ, ನಡುವೆ ಬೇರೆ ಕಡೆ ಒಂದು ಕಾಯಿ ಇಡಬೇಕು ಎಂಬ ನಿಯಮ. ಚೀನೀ ಭಾಷೆಯಲ್ಲಿ ಇದನ್ನು ಬರೆಯುವ ಅಕ್ಷರಕ್ಕೆ ಕಿತ್ತುಕೊಳ್ಳುವುದು ಎಂಬ ಅರ್ಥವಿದೆ. ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ತಂದವರು ನಮ್ಮ 'ಕಲ್ಪ' ಎಂಬ ಮಾತಿಗೂ ಇದೇ ಅಕ್ಷರ ಹಿಡಿದರು. ಯುಗಗಳು ಉರುಳಿ ಉರುಳಿ ಮತ್ತೆ ಅಲ್ಲಿಗೇ ಬರುವ ಕಲ್ಪಕ್ಕೂ, ಮಣೆಯ ಮೇಲೆ ಕೊನೆಯಿಲ್ಲದೆ ಸುತ್ತುವ ಜಗಳಕ್ಕೂ ಒಂದೇ ಅಕ್ಷರ. ಇದನ್ನು ಓದಿದ ದಿನ ನನಗೆ ತುಂಬ ಖುಷಿಯಾಗಿತ್ತು.

ಕೊನೆಗೆ ಯಾರು ಜಾಸ್ತಿ ಜಾಗ ಸುತ್ತುಗಟ್ಟಿದ್ದಾರೋ ಅವರದು ಗೆಲುವು. ನಿಯಮ ಇಷ್ಟೇ.

ಸುಮ್ನೆ ಬಂದ ಮಾತುಗಳು

ಈಗ ಹುಟ್ಟಿನ ಪ್ರಶ್ನೆಗೆ ಬರೋಣ. ಗೋ ಬಗ್ಗೆ ಸಿಗುವ ತೀರ ಹಳೆಯ ಮಾತು 'ಜುವೊ ಜುವಾನ್' ಎಂಬ ಚರಿತ್ರೆಯ ಪುಸ್ತಕದಲ್ಲಿದೆ. ಕ್ರಿ.ಪೂ. 548ರ ಒಂದು ರಾಜಕೀಯ ಜಗಳ ಅದರ ಹಿನ್ನೆಲೆ. ವೆಯ್ ಎಂಬ ಚಿಕ್ಕ ರಾಜ್ಯದ ದೊರೆಯನ್ನು ಅಲ್ಲಿನ ದೊಡ್ಡ ಮನೆತನಗಳೇ ಓಡಿಸಿದ್ದವು. ಓಡಿಸಿದವರಲ್ಲಿ ಒಬ್ಬನ ಮಗ ನಿಂಗ್ ಶಿ. ಈಗ ಅವನೇ ಆ ದೊರೆಯನ್ನು ವಾಪಸ್ ಕರೆಸುವ ಮಾತುಕತೆಗೆ ಇಳಿದ. ಇದನ್ನು ಕೇಳಿದ ಒಬ್ಬ ಹಿರಿಯ ಹೇಳಿದ ಮಾತಿನ ಸಾರ ಇದು: ಆಡುವವನು ಕಾಯಿ ಎತ್ತಿ ಹಿಡಿದು ಎಲ್ಲಿ ಇಡಬೇಕು ಅಂತ ತೋಚದೆ ಕೂತರೆ ಎದುರಾಳಿಯನ್ನು ಗೆಲ್ಲಲಾರ, ಇನ್ನು ದೊರೆಯನ್ನು ಕೂರಿಸುವ ವಿಷಯದಲ್ಲಿ ಮನಸ್ಸು ಗಟ್ಟಿ ಮಾಡದವನ ಗತಿ ಏನು? ಕ್ರಿ.ಪೂ. 546ರಲ್ಲಿ ನಿಂಗ್ ಶಿ ಕೊಲೆಯಾದ.

ಇಲ್ಲಿ ನಾವು ಗಮನಿಸಬೇಕಾದ್ದು ರಾಜಕೀಯವನ್ನಲ್ಲ, ಹೋಲಿಕೆಯನ್ನು. ಕೇಳುವವರಿಗೆ ಗೊತ್ತಿರುವ ವಸ್ತುವಿನ ಜೊತೆಗೇ ಯಾರಾದರೂ ಹೋಲಿಕೆ ಕೊಡುವುದು. 'ನೀರಿನಲ್ಲಿ ಹೋಮ ಮಾಡಿದಂತೆ' ಎಂದು ನಾವು ಹೇಳಿದಾಗ ಹೋಮ ಅಂದರೇನು ಅಂತ ಬಿಡಿಸಿ ಹೇಳುವುದಿಲ್ಲ. ಹಾಗೆಯೇ ಈ ಹಿರಿಯನೂ ಆಟ ಯಾವುದು, ಹೇಗೆ ಆಡುವುದು ಅಂತ ಒಂದು ಮಾತೂ ಹೇಳುವುದಿಲ್ಲ. ಅಂದರೆ ಪುಸ್ತಕ ಬರೆಯುವ ಹೊತ್ತಿಗೆ ಅದು ಓದುವವರೆಲ್ಲ ಬಲ್ಲ ಹಳೆಯ ಆಟ. ಹುಟ್ಟಿದ್ದು ಅದಕ್ಕೂ ಎಷ್ಟೋ ಹಿಂದೆ. 'ಕಾಯಿ ಎತ್ತಿ ಇಡಲು ತೋಚದೆ' ಎಂಬ ನಾಲ್ಕಕ್ಷರದ ನುಡಿಗಟ್ಟು ಇವತ್ತಿಗೂ ಚೀನೀ ಭಾಷೆಯಲ್ಲಿ ಬಳಕೆಯಲ್ಲಿದೆ. ಹೂಂ ಅನ್ನದ, ಊಹೂಂ ಅನ್ನದ ಮನುಷ್ಯನ ಬಗ್ಗೆ ಅದನ್ನು ಹೇಳುತ್ತಾರೆ.

ಕನ್‌ಫ್ಯೂಷಿಯಸ್ ಹೇಳಿದ್ದೂ ಹೀಗೇ, ಬೇರೆ ಮಾತಿನ ನಡುವೆ. ದಿನವಿಡೀ ಹೊಟ್ಟೆ ತುಂಬ ಉಂಡು, ತಲೆಗೆ ಏನೂ ಕೆಲಸ ಕೊಡದೆ ಕೂರುವವರನ್ನು ಕಂಡು ಅವನಿಗೆ ಬೇಸರ. ದಾಳದ ಆಟ, ಗೋ ಇವೆಯಲ್ಲ, ಅದನ್ನಾದರೂ ಆಡಬಾರದೇ, ಸುಮ್ಮನೆ ಕೂರುವುದಕ್ಕಿಂತ ಅದು ವಾಸಿ ಎನ್ನುತ್ತಾನೆ. ಇದನ್ನು ಕೆಲವರು ಗೋ ಆಟಕ್ಕೆ ಸಿಕ್ಕ ಹೊಗಳಿಕೆ ಎಂದು ಬರೆಯುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಏನೂ ಮಾಡದೆ ಇರುವುದಕ್ಕಿಂತ ಪರವಾಗಿಲ್ಲ ಎಂಬುದು ಹೊಗಳಿಕೆಯೇ?

ಕನ್‌ಫ್ಯೂಷಿಯಸ್ ದಾರಿಯಲ್ಲೇ ನಡೆದ ಚಿಂತಕ ಮೆನ್ಶಿಯಸ್ ಇನ್ನೊಂದು ಚಿತ್ರ ಕೊಡುತ್ತಾನೆ. ದೇಶಕ್ಕೆಲ್ಲ ಹೆಸರಾದ ಆಟಗಾರ ಚಿಯು. ಅವನ ಬಳಿ ಇಬ್ಬರು ಶಿಷ್ಯರು. ಒಬ್ಬ ಮೈಯೆಲ್ಲ ಕಿವಿಯಾಗಿ ಕೇಳುತ್ತಾನೆ. ಇನ್ನೊಬ್ಬನಿಗೆ ಆಕಾಶದಲ್ಲಿ ಹಂಸ ಬರಬಹುದು, ಬಂದರೆ ಬಾಣ ಹೇಗೆ ಹೂಡಲಿ ಎಂಬುದೇ ಯೋಚನೆ. ಬುದ್ಧಿಯಲ್ಲಿ ಕಮ್ಮಿಯಾಗಿದ್ದಕ್ಕೆ ಅವನು ಹಿಂದೆ ಬಿದ್ದನೇ? ಅಲ್ಲ ಎನ್ನುತ್ತಾನೆ ಮೆನ್ಶಿಯಸ್. ಪಾಠ ಏನೇ ಇರಲಿ, ನಮಗೆ ಬೇಕಾದ್ದು ಒಳಗಿದೆ. ಕ್ರಿ.ಪೂ. 4ನೇ ಶತಮಾನದಲ್ಲೇ ಗೋ ಹೇಳಿಕೊಡುವ ಗುರು ಇದ್ದ, ಶಿಷ್ಯರಿದ್ದರು, ಆಟದಿಂದಲೇ ಹೆಸರು ಮಾಡಬಹುದಿತ್ತು.

17 ಗೆರೆಯೋ, 19 ಗೆರೆಯೋ?

ಹಳೆಯ ಮಣೆಗಳು ಇವತ್ತಿನಂತೆ ಇರಲಿಲ್ಲ. ಹಬೆಯ್ ಪ್ರಾಂತ್ಯದ ವಾಂಗ್‌ದುವಿನಲ್ಲಿ 1950ರ ದಶಕದಲ್ಲಿ ಹಾನ್ ಕಾಲದ ಒಂದು ಸಮಾಧಿ ಅಗೆದಾಗ ಕಲ್ಲಿನ ಮಣೆ ಸಿಕ್ಕಿತು. ಕ್ರಿ.ಶ. 2ನೇ ಶತಮಾನದ್ದು. ಅದರಲ್ಲಿರುವುದು 17 ಗೆರೆ. ಮುಂದಿನ ಶತಮಾನದ ಲೇಖಕ ಹಾನ್‌ದಾನ್ ಚುನ್ ಕೂಡ ಇದನ್ನೇ ಹೇಳುತ್ತಾನೆ: 17 ಗೆರೆ, 289 ಜಾಗ, ಒಬ್ಬೊಬ್ಬರಿಗೆ 150 ಕಾಯಿ. ಟಿಬೆಟಿನಲ್ಲಿ ಈ ಆಟಕ್ಕೆ 'ಮಿಗ್‌ಮಾಂಗ್' ಎಂದು ಹೆಸರು, ಅಂದರೆ ಹಲವು ಕಣ್ಣು. ಅಲ್ಲೂ, ನಮ್ಮ ಸಿಕ್ಕಿಂನಲ್ಲೂ 17 ಗೆರೆಯ ಮಣೆ ಬಹಳ ಕಾಲ ಉಳಿದುಕೊಂಡಿತ್ತು.

ಹಾಗಾದರೆ 19 ಬಂದದ್ದು ಯಾವಾಗ? ಇಲ್ಲಿ ನಮ್ಮ ಕೈಹಿಡಿಯುವುದು ಒಂದು ಗಣಿತದ ಪುಸ್ತಕ. 'ಸುನ್‌ಜಿಯ ಗಣಿತ' ಎಂಬ ಹಳೆಯ ಪಠ್ಯ, 3ರಿಂದ 5ನೇ ಶತಮಾನದ ನಡುವಿನದು. ಅದರಲ್ಲಿ ಮಕ್ಕಳಿಗೆ ಒಂದು ಲೆಕ್ಕ: 19 ಗೆರೆಯ ಮಣೆಗೆ ಎಷ್ಟು ಕಾಯಿ ಬೇಕು? ಉತ್ತರ 361. ನೋಡಿ, ಬರೆದವನಿಗೆ ಆಟದ ಚರಿತ್ರೆ ಬೇಕಿರಲಿಲ್ಲ. ಗುಣಾಕಾರ ಕಲಿಸಬೇಕಿತ್ತು. ಆದರೂ ಆ ಹೊತ್ತಿಗೆ 19 ಗೆರೆಯ ಮಣೆ ಮಕ್ಕಳಿಗೂ ಗೊತ್ತಿತ್ತು ಎಂಬ ಸಾಕ್ಷಿ ಬಿಟ್ಟುಹೋದ. ಆನ್ಯಾಂಗ್ ಬಳಿ 1959ರಲ್ಲಿ ಅಗೆದ ಝಾಂಗ್ ಶೆಂಗ್ ಎಂಬ ಅಧಿಕಾರಿಯ ಸಮಾಧಿಯಲ್ಲಿ ಬಿಳಿ ಪಿಂಗಾಣಿಯ ಪುಟ್ಟ ಮಣೆ ಸಿಕ್ಕಿತು. ಸಮಾಧಿ 595ನೇ ಇಸವಿಯದು. ಮಣೆಯ ಮೇಲೆ 19 ಗೆರೆ. ಅಲ್ಲಿಂದ ಇಲ್ಲಿಯವರೆಗೆ ಅದೇ ಲೆಕ್ಕ.

ದುನ್‌ಹುವಾಂಗ್ ಗುಹೆಗಳಲ್ಲಿ ಸಿಕ್ಕ, ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಒಂದು ಹಸ್ತಪ್ರತಿ ಕೂಡ 6ನೇ ಶತಮಾನದ್ದೇ. ಮೊದಲ ಭಾಗ ಕಳೆದುಹೋಗಿದೆ. ಉಳಿದದ್ದರಲ್ಲಿ 361 ಜಾಗಗಳನ್ನು ಆಕಾಶದ ಸುತ್ತಳತೆಗೆ ಹೋಲಿಸಿದ್ದಾರೆ. ಇಂಥ ಹೋಲಿಕೆಗಳನ್ನು ಕೆಲವರು ಆಟದ ಹುಟ್ಟಿಗೇ ಕಾರಣ ಎಂದು ಓದುತ್ತಾರೆ. ಆಟ ಮೊದಲು ಜೋಯಿಸರ ಪಂಚಾಂಗ ನೋಡುವ ಸಾಧನವಾಗಿತ್ತು ಎಂಬ ಊಹೆಯೂ ಇದೆ. ಆದರೆ ಹಳೆಯ ಮಣೆಯ 289 ಜಾಗಕ್ಕೂ ವರ್ಷದ ದಿನಗಳಿಗೂ ಏನು ಸಂಬಂಧ? ಮಣೆ ಮೊದಲು ಬೆಳೆಯಿತು, ಆಕಾಶದ ಮಾತು ಆಮೇಲೆ ಸೇರಿಕೊಂಡಿತು ಎನ್ನುವುದೇ ನನಗೆ ಸರಿ ಕಾಣುತ್ತದೆ.

ಬೈಗುಳವೂ ಪುರಾವೆಯೇ

ಒಂದು ಆಟ ಎಷ್ಟು ಹಬ್ಬಿತ್ತು ಅಂತ ತಿಳಿಯಲು ಅದನ್ನು ಬೈದವರ ಮಾತು ಓದಬೇಕು. ಮೆನ್ಶಿಯಸ್ ಒಂದು ಕಡೆ ತಂದೆ ತಾಯಿಯನ್ನು ನೋಡಿಕೊಳ್ಳದ ಮಕ್ಕಳ ಪಟ್ಟಿ ಕೊಡುತ್ತಾನೆ. ಅದರಲ್ಲಿ ಜೂಜು, ಗೋ, ಕುಡಿತದ ಹಿಂದೆ ಬಿದ್ದವರೂ ಇದ್ದಾರೆ. 3ನೇ ಶತಮಾನದಲ್ಲಿ ವೂ ರಾಜ್ಯದ ವೆಯ್ ಯಾವೊ ಎಂಬ ಅಧಿಕಾರಿ ಇದಕ್ಕೆಂದೇ ಒಂದು ಪ್ರಬಂಧ ಬರೆದ. ಜನ ಊಟ ನಿದ್ದೆ ಬಿಟ್ಟು, ಹಗಲು ಮುಗಿದರೆ ದೀಪ ಹಚ್ಚಿಕೊಂಡು ಆಡುತ್ತಾರೆ ಎಂದು ಅವನ ಗೋಳು. ಒಂದು ಮರದ ಮಣೆ ಎಲ್ಲಿ, ಒಂದು ಸೀಮೆಯ ಆಳ್ವಿಕೆ ಎಲ್ಲಿ? ಮುನ್ನೂರು ಒಣ ಕಾಯಿ ಎಲ್ಲಿ, ಹತ್ತು ಸಾವಿರ ಸೈನಿಕರ ನಾಯಕತ್ವ ಎಲ್ಲಿ? ಮಕ್ಕಳ ಕೈಯಿಂದ ಮೊಬೈಲ್ ಕಿತ್ತುಕೊಳ್ಳುವ ಹಿರಿಯರ ದನಿ ಕೇಳಿಸುತ್ತದೆ, ಅಲ್ವಾ? ಅವನು ಹೇಳಿದ ಮುನ್ನೂರು ಕಾಯಿಯೂ 17 ಗೆರೆಯ ಲೆಕ್ಕಕ್ಕೆ ಕೂಡುತ್ತದೆ. ಇಬ್ಬರಿಗೆ 150ರಂತೆ.

ಹಾಗಿದ್ದೂ ಮುಂದಿನ ನೂರು ವರ್ಷದಲ್ಲಿ ಆಟದ ಮಾನ ಏರಿತು. ಓದುಬಲ್ಲ ದೊಡ್ಡ ಮನೆತನದವರು ಅದನ್ನು ತಮ್ಮದಾಗಿಸಿಕೊಂಡರು. 383ರಲ್ಲಿ ಫೆಯ್ ನದಿಯ ದಂಡೆಯಲ್ಲಿ ಚೀನಾದ ಹಣೆಬರಹ ತೀರ್ಮಾನಿಸಿದ ಯುದ್ಧ ನಡೆಯಿತು. ದಕ್ಷಿಣದ ಸೇನೆಯ ಹೊಣೆ ಮಂತ್ರಿ ಶಿಯೆ ಆನ್ ಮೇಲಿತ್ತು. ಅವನ ತಮ್ಮ, ಅಣ್ಣನ ಮಗ ಇಬ್ಬರೂ ರಣರಂಗದಲ್ಲಿದ್ದರು. ಗೆದ್ದ ಸುದ್ದಿಯ ಪತ್ರ ಬಂದಾಗ ಅವನು ಅತಿಥಿಯ ಜೊತೆ ಗೋ ಆಡುತ್ತಿದ್ದ. ಪತ್ರ ಓದಿ ಪಕ್ಕಕ್ಕಿಟ್ಟು ಆಟ ಮುಂದುವರಿಸಿದ. ಏನು ವಿಷಯ ಅಂತ ಅತಿಥಿ ಕೇಳಿದ್ದಕ್ಕೆ, ಹುಡುಗರು ಶತ್ರುಗಳನ್ನು ಸೋಲಿಸಿದ್ದಾರೆ ಎಂದನಷ್ಟೇ. ಆಟ ಮುಗಿಸಿ ಒಳಮನೆಗೆ ಹೋಗುವಾಗ ಹೊಸ್ತಿಲು ಎಡವಿ ಅವನ ಮರದ ಚಪ್ಪಲಿಯ ಹಲ್ಲು ಮುರಿಯಿತು. ಅದು ಅವನಿಗೆ ಗೊತ್ತೇ ಆಗಲಿಲ್ಲ. ಕಥೆಯ ಜೀವ ಇರುವುದು ಈ ಮುರಿದ ಚಪ್ಪಲಿಯಲ್ಲಿ. ಮಣೆಯ ಮುಂದೆ ಅದುಮಿಟ್ಟ ಖುಷಿಯೆಲ್ಲ ಹೊಸ್ತಿಲಲ್ಲಿ ಹೊರಬಿತ್ತು.

ಅದೇ ಶತಮಾನದ ಬೌದ್ಧ ಭಿಕ್ಷು ಝಿ ದುನ್ ಈ ಆಟಕ್ಕೆ 'ಶೌತಾನ್' ಎಂದು ಹೆಸರಿಟ್ಟ. ಶೌ ಅಂದರೆ ಕೈ, ತಾನ್ ಅಂದರೆ ಮಾತುಕತೆ. ಬಾಯಿ ತೆರೆಯದೆ ಇಬ್ಬರು ಕೈಯಲ್ಲೇ ಮಾತಾಡುವುದು. ಗೋ ಬಗ್ಗೆ ಯಾರು ಏನೇ ಹೇಳಿರಲಿ, ಇದಕ್ಕಿಂತ ನೇರವಾಗಿ ಹೇಳಿದವರನ್ನು ನಾನು ಕಂಡಿಲ್ಲ. ಈ ಹೆಸರನ್ನು ನೆನಪಿಡಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಚೀನಾದ ಓದುಬಲ್ಲವರು ನಾಲ್ಕು ಕಲೆ ಕಲಿಯಬೇಕು ಎಂಬ ಮಾತು ಆಮೇಲೆ ಬಂತು: ತಂತಿವಾದ್ಯ, ಗೋ, ಅಂದದ ಬರಹ, ಚಿತ್ರ. ತಾಂಗ್ ರಾಜವಂಶದ ಕಾಲದಲ್ಲಿ (7ರಿಂದ 10ನೇ ಶತಮಾನ) ಆಸ್ಥಾನದಲ್ಲೇ ಗೋ ಆಟಗಾರರಿಗೆ ಹುದ್ದೆ ಇತ್ತು. ಗಂಡಸರ ಆಟ ಅಂದುಕೊಳ್ಳಬೇಡಿ. ತುರ್ಫಾನ್ ಬಳಿಯ ಅಸ್ತಾನಾ ಸಮಾಧಿಗಳಲ್ಲಿ ತಾಂಗ್ ಕಾಲದ ಒಂದು ರೇಷ್ಮೆ ಚಿತ್ರ ಸಿಕ್ಕಿದೆ. ಸಿಂಗರಿಸಿಕೊಂಡ ಹೆಂಗಸೊಬ್ಬಳು ಎರಡು ಬೆರಳ ನಡುವೆ ಕಾಯಿ ಹಿಡಿದು ಮಣೆಯ ಮೇಲೆ ಕೈ ಚಾಚಿದ್ದಾಳೆ. ಇವತ್ತಿನ ಆಟಗಾರರೂ ಕಾಯಿ ಹಿಡಿಯುವುದು ಹಾಗೆಯೇ, ತೋರುಬೆರಳ ಉಗುರಿನ ಮೇಲೆ ಕೂರಿಸಿ, ನಡುಬೆರಳಿನಿಂದ ಅದುಮಿ.

ಸಾಂಗ್ ಕಾಲದ ವಿದ್ವಾಂಸ ಶೆನ್ ಕುವೊ (1031–1095) ಬಗ್ಗೆ ಒಂದು ಮಾತು ಹೇಳಲೇಬೇಕು. ಮಣೆಯ ಮೇಲೆ ಒಟ್ಟು ಎಷ್ಟು ಬಗೆಯಲ್ಲಿ ಕಾಯಿ ಕೂರಬಹುದು ಅಂತ ಅವನು ಲೆಕ್ಕ ಹಾಕಿದ. ಒಂದೊಂದು ಜಾಗಕ್ಕೂ ಮೂರು ಸಾಧ್ಯತೆ: ಕಪ್ಪು, ಬಿಳಿ, ಖಾಲಿ. ಹಾಗಾದರೆ 361 ಮೂರುಗಳನ್ನು ಗುಣಿಸಬೇಕು. ಆ ಸಂಖ್ಯೆಗೆ 173 ಅಂಕಿ. 'ಹತ್ತು ಸಾವಿರ' ಎಂಬ ಮಾತನ್ನು ಸಾಲಾಗಿ ಬರೆದು ಅವನು ಅದನ್ನು ತೋರಿಸಲು ನೋಡಿದ. ಇವುಗಳಲ್ಲಿ ನಿಯಮಕ್ಕೆ ಒಪ್ಪುವುವು ಎಷ್ಟು ಎಂಬ ಸರಿಯಾದ ಲೆಕ್ಕ ಸಿಕ್ಕಿದ್ದು 2016ರಲ್ಲಿ, ಕಂಪ್ಯೂಟರಿನಿಂದ. ಅದು 171 ಅಂಕಿಯ ಸಂಖ್ಯೆ. ಸುಮಾರು ಒಂಬೈನೂರು ವರ್ಷ ಮೊದಲು ಕೈಯಲ್ಲಿ ಲೆಕ್ಕ ಹಾಕಿದವನು ಎಷ್ಟು ಹತ್ತಿರ ಬಂದಿದ್ದ ನೋಡಿ.

ಜಪಾನಿಗೆ ಹೋದದ್ದು

ಇಲ್ಲೂ ಒಂದು ಕಥೆ, ಒಂದು ಸುಮ್ನೆ ಬಂದ ಮಾತು. ಚೀನಾದಲ್ಲಿ ಓದಿ 735ರಲ್ಲಿ ಮರಳಿದ ಕಿಬಿ ನೊ ಮಾಕಿಬಿ ಎಂಬ ವಿದ್ವಾಂಸ ಆಟವನ್ನು ಜಪಾನಿಗೆ ತಂದ ಎನ್ನುವುದು ಕಥೆ. ಆದರೆ 636ರಲ್ಲಿ ಮುಗಿದ ಸುಯ್ ರಾಜವಂಶದ ಚರಿತ್ರೆ ಜಪಾನೀಯರ ಬಗ್ಗೆ ಬರೆಯುವಾಗ ಅವರಿಗೆ ಗೋ ಮತ್ತು ದಾಳದ ಆಟಗಳೆಂದರೆ ಇಷ್ಟ ಎಂದು ಒಂದು ಸಾಲು ಹೇಳಿ ಮುಂದೆ ಹೋಗುತ್ತದೆ. ಮಾಕಿಬಿ ಹುಟ್ಟುವ ಮೊದಲೇ ಆಟ ಅಲ್ಲಿತ್ತು. ಕೊರಿಯಾದ ಮೂಲಕ ಹೋಗಿರಬೇಕು ಎನ್ನಲು ಒಳ್ಳೆಯ ಕಾರಣ ನಾರಾ ನಗರದ ಶೋಸೋಯಿನ್ ಭಂಡಾರದಲ್ಲಿದೆ. 756ರಲ್ಲಿ ತೀರಿಕೊಂಡ ಚಕ್ರವರ್ತಿ ಶೋಮುವಿನ ವಸ್ತುಗಳನ್ನು ಅಲ್ಲಿ ಇಟ್ಟಿದ್ದಾರೆ. ಅದರಲ್ಲಿ ಒಂದು ಗೋ ಮಣೆ. ಎರಡು ಬದಿಗೂ ಪುಟ್ಟ ಖಾನೆಗಳು, ಒಳಗೆ ಆಮೆಯಂಥ ತಟ್ಟೆ. ಒಂದು ಖಾನೆ ಎಳೆದರೆ ಎದುರಿನದೂ ತಾನಾಗಿ ಹೊರಬರುತ್ತದೆ. ಕಾಯಿಗಳು ದಂತದವು, ಕೆಂಪು ಮತ್ತು ಕಡುನೀಲಿ, ಒಂದೊಂದರ ಮೇಲೂ ಹಕ್ಕಿ ಕೆತ್ತಿದೆ. ಮಣೆಯ ಮೇಲಿನ ಗುರುತು ಚುಕ್ಕೆಗಳು 17. ಇಂದಿನ ಮಣೆಯಲ್ಲಿರುವುದು 9. ಆ 17 ಚುಕ್ಕೆ ಕೊರಿಯಾದ ಹಳೆಯ ಸುಂಜಾಂಗ್ ಬಾದುಕ್ ಪದ್ಧತಿಯದು.

ಜಪಾನಿನ 8ನೇ ಶತಮಾನದ ಕಾನೂನು ಭಿಕ್ಷು ಭಿಕ್ಷುಣಿಯರಿಗೆ ಸಂಗೀತ, ಜೂಜು ನಿಷೇಧಿಸಿತ್ತು. ತಪ್ಪಿದರೆ 100 ದಿನ ಕಠಿಣ ದುಡಿಮೆ. ಎರಡಕ್ಕೆ ಮಾತ್ರ ವಿನಾಯಿತಿ: ತಂತಿವಾದ್ಯ ಮತ್ತು ಗೋ.

ಜಪಾನ್ ಆಟಕ್ಕೆ ಕೊಟ್ಟ ದೊಡ್ಡ ಕೊಡುಗೆ ಎರಡು. ಒಂದು ಮಣೆಯ ಮೇಲೆ, ಒಂದು ಮಣೆಯ ಹೊರಗೆ. ಚೀನಾದಲ್ಲಿ ಆಟ ಶುರುವಾಗುವ ಮೊದಲೇ ನಾಲ್ಕು ಮೂಲೆಗೆ ತಲಾ ಒಂದು ಕಾಯಿ ಇಟ್ಟಿರುತ್ತಿದ್ದರು. ಜಪಾನೀಯರು ಅದನ್ನು ಬಿಟ್ಟರು. ಖಾಲಿ ಮಣೆಯಿಂದ ಶುರು. ಇದು ಚಿಕ್ಕ ಬದಲಾವಣೆ ಅನ್ನಿಸಬಹುದು. ಆದರೆ ಮೊದಲ ಕಾಯಿ ಎಲ್ಲಿಡಬೇಕು ಎಂಬ ದೊಡ್ಡ ಪ್ರಶ್ನೆ ತೆರೆದುಕೊಂಡದ್ದೇ ಇದರಿಂದ.

ಎರಡನೆಯದು, ಆಟವನ್ನು ಕಸುಬಾಗಿ ಮಾಡಿದ್ದು. ಕ್ಯೋಟೊದ ಜಕ್ಕೋಜಿ ಮಂದಿರದ ಭಿಕ್ಷು ಹೋನಿನ್‌ಬೊ ಸಾನ್ಸಾ (1559–1623) ತನ್ನ ಕಾಲದ ಎಲ್ಲರಿಗಿಂತ ಗಟ್ಟಿ ಆಟಗಾರ. ತೊಕುಗಾವಾ ಇಯೆಯಾಸು ಅಧಿಕಾರಕ್ಕೆ ಬಂದಾಗ ಅವನಿಗೆ ಸಂಬಳ ಕಟ್ಟಿಕೊಟ್ಟ. ಅಲ್ಲಿಂದ ನಾಲ್ಕು ಮನೆತನ ಬೆಳೆದವು: ಹೋನಿನ್‌ಬೊ, ಇನೊಉಯೆ, ಯಾಸುಯಿ, ಹಾಯಾಶಿ. ನಮ್ಮ ಸಂಗೀತದ ಘರಾಣೆಗಳ ಹಾಗೆ ಅಂದುಕೊಳ್ಳಿ. ಮಗನಿಗೆ ಕೈ ಇಲ್ಲದಿದ್ದರೆ ಶಿಷ್ಯನನ್ನು ದತ್ತು ತೆಗೆದುಕೊಂಡು ಮನೆತನ ನಡೆಸುತ್ತಿದ್ದರು. ವರ್ಷಕ್ಕೊಮ್ಮೆ ಶೋಗನ್, ಅಂದರೆ ದೇಶ ಆಳುವ ಸೇನಾಧಿಪತಿಯ, ಕೋಟೆಯಲ್ಲಿ ಅವನೆದುರು ಆಟ. ಒಂದು ಆಟ ದಿನಗಟ್ಟಲೆ ಹಿಡಿಯುವುದರಿಂದ ಮೊದಲೇ ಆಡಿ ಮುಗಿಸಿ, ಅವನೆದುರು ಅದನ್ನೇ ಮತ್ತೆ ಇಟ್ಟು ತೋರಿಸುವ ರೂಢಿಯೂ ಬಂತು.

ಈ ಕೋಟೆ ಆಟಗಳಲ್ಲಿ ನನಗೆ ತುಂಬ ಹಿಡಿಸುವುದು 1670ರದು. ಯಾಸುಯಿ ಮನೆತನದ ಶಿಬುಕಾವಾ ಹಾರುಮಿ ಆಟಗಾರನೂ ಹೌದು, ನಕ್ಷತ್ರ ನೋಡುವವನೂ ಹೌದು. ಎದುರಿಗೆ ದೋಸಾಕು, ಆ ಶತಮಾನದ ದೈತ್ಯ. ಹಾರುಮಿ ಮೊದಲ ಕಾಯಿಯನ್ನೇ ಮಣೆಯ ನಟ್ಟನಡುವೆ ಇಟ್ಟ. ಆ ಜಾಗಕ್ಕೆ 'ತೆಂಗೆನ್' ಎಂದು ಹೆಸರು, ಆಕಾಶದ ನಡು. ಧ್ರುವ ನಕ್ಷತ್ರದ ಸುತ್ತ ಆಕಾಶ ತಿರುಗುವಂತೆ ಮಣೆಯೂ ಈ ಕಾಯಿಯ ಸುತ್ತ ತಿರುಗಲಿ ಎಂಬ ಆಸೆ. ಸೋತ. ಆದರೆ ಆಕಾಶವನ್ನು ಬಿಡಲಿಲ್ಲ. 862ರಿಂದ ಜಪಾನ್ ಚೀನಾದ ಒಂದು ಹಳೆಯ ಪಂಚಾಂಗವನ್ನೇ ಹಿಡಿದುಕೊಂಡಿತ್ತು, ಅದು ಆಕಾಶಕ್ಕೆ ತಾಳೆಯಾಗುತ್ತಿರಲಿಲ್ಲ. ಹಾರುಮಿ ತಾನೇ ಅಳೆದು ಹೊಸದನ್ನು ಮಾಡಿದ. 1684ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು, ಅವನು ಸರ್ಕಾರದ ಮೊದಲ ಖಗೋಳ ಅಧಿಕಾರಿಯಾದ.

ಇನ್ನೊಬ್ಬ ಶೂಸಾಕು. 1846ರಲ್ಲಿ, ಇನ್ನೂ ಹದಿನೇಳರ ಹುಡುಗ, ಹಿರಿಯ ಆಟಗಾರ ಗೆನ್ನಾನ್ ಇನ್ಸೆಕಿ ಎದುರು ಸೋಲುವಂತಿದ್ದ. ಆಗ ಒಂದು ಕಾಯಿ ಇಟ್ಟ. ನೋಡುತ್ತಿದ್ದ ವೈದ್ಯನೊಬ್ಬ, ಈ ಹುಡುಗ ಗೆಲ್ಲುತ್ತಾನೆ ಎಂದ. ಅವನಿಗೆ ಆಟ ಅಷ್ಟಾಗಿ ಗೊತ್ತಿರಲಿಲ್ಲ. ಆದರೆ ಕಾಯಿ ಇಟ್ಟ ಕೂಡಲೇ ಗೆನ್ನಾನ್ ಕಿವಿ ಕೆಂಪಾದದ್ದನ್ನು ಕಂಡಿದ್ದ. ಕೈ ಆಡಿದ ಮಾತಿಗೆ ಕಿವಿ ಉತ್ತರ ಕೊಟ್ಟಿತ್ತು. ಆ ನಡೆಗೆ 'ಕಿವಿ ಕೆಂಪಾದ ನಡೆ' ಎಂದೇ ಹೆಸರು ನಿಂತಿತು. ಶೂಸಾಕು ಕೋಟೆಯಲ್ಲಿ 19 ಆಟ ಆಡಿ 19ನ್ನೂ ಗೆದ್ದ. 1862ರ ಕಾಲರಾದಲ್ಲಿ ಮನೆಯವರ ಆರೈಕೆ ಮಾಡುತ್ತಾ ತಾನೂ ಸತ್ತ.

ಮಣೆಯನ್ನೂ ಒಮ್ಮೆ ಹತ್ತಿರದಿಂದ ನೋಡಿ. ಒಳ್ಳೆಯ ಜಪಾನೀ ಮಣೆ ಕಾಯಾ ಮರದ್ದು. ಬಿಳಿ ಕಾಯಿ ಮಿಯಾಜಾಕಿ ಕರಾವಳಿಯ ಚಿಪ್ಪಿನಿಂದ, ಕಪ್ಪು ಕಾಯಿ ನಾಚಿ ಎಂಬಲ್ಲಿನ ಕಲ್ಲಿನಿಂದ. ಬಿಳಿ ಬಣ್ಣ ಕಣ್ಣಿಗೆ ದೊಡ್ಡದಾಗಿ ಕಾಣುವುದರಿಂದ ಕಪ್ಪು ಕಾಯಿಯನ್ನು ಕೂದಲೆಳೆಯಷ್ಟು ದೊಡ್ಡದು ಮಾಡುತ್ತಾರೆ. ಮಣೆಯೂ ಸರಿ ಚೌಕವಲ್ಲ, ಕೂತು ನೋಡುವವರಿಗೆ ಚೌಕವಾಗಿ ಕಾಣಲಿ ಅಂತ ತುಸು ಉದ್ದ. ಕಾಲುಗಳು ಕುಚಿನಾಶಿ ಎಂಬ ಗಿಡದ ಕಾಯಿಯ ಆಕಾರದವು. ಅದರಲ್ಲಿ ಒಂದು ಶ್ಲೇಷೆ ಇದೆ. 'ಕುಚಿ ನಾಶಿ' ಎಂದು ಒಡೆದರೆ ಬಾಯಿ ಇಲ್ಲ ಎಂದಾಗುತ್ತದೆ. ಪಕ್ಕದಲ್ಲಿ ಕೂತು ನೋಡುವವರಿಗೆ ಬಾಯಿ ಮುಚ್ಚಿಕೊಳ್ಳಿ ಎಂದು ಮಣೆಯ ಕಾಲೇ ಹೇಳುತ್ತದೆ.

20ನೇ ಶತಮಾನ

1868ರಲ್ಲಿ ಶೋಗನ್ ಆಳ್ವಿಕೆ ಮುಗಿದಾಗ ಮನೆತನಗಳ ಸಂಬಳವೂ ನಿಂತಿತು. ಪತ್ರಿಕೆಗಳು ಕೈಹಿಡಿದವು, 1924ರಲ್ಲಿ ನಿಹೊನ್ ಕಿಯಿನ್ ಎಂಬ ಸಂಸ್ಥೆ ಹುಟ್ಟಿತು. ಹೋನಿನ್‌ಬೊ ಎಂಬ ಮನೆತನದ ಹೆಸರು ಗೆದ್ದವರಿಗೆ ಕೊಡುವ ಬಿರುದಾಯಿತು. 1928ರಲ್ಲಿ ಚೀನಾದಿಂದ ಬಂದ ಹದಿನಾಲ್ಕರ ಹುಡುಗ ಗೋ ಸೇಗೆನ್ 1933ರಲ್ಲಿ ಮನೆತನದ ಕೊನೆಯ ಹೋನಿನ್‌ಬೊ ಶೂಸಾಯಿ ಎದುರು ಮೂರನೇ ಕಾಯಿಯನ್ನು ತೆಂಗೆನ್ ಮೇಲೆ ಇಟ್ಟು ಎಲ್ಲರನ್ನೂ ದಂಗುಬಡಿಸಿದ. ಹಾರುಮಿಯ ಜಾಗ ಅದೇ.

1945ರ ಹೋನಿನ್‌ಬೊ ಪಂದ್ಯ ಹಿರೋಶಿಮಾದಲ್ಲಿ ನಡೆಯಬೇಕಿತ್ತು. ಮೊದಲ ಆಟ ನಗರದೊಳಗೆ ಆಯಿತು. ಬಾಂಬಿನ ಭಯಕ್ಕೆ ಎರಡನೆಯದನ್ನು ಹೊರವಲಯದ ಇತ್ಸುಕಾಯಿಚಿಗೆ ಸಾಗಿಸಿದರು. ಆಗಸ್ಟ್ 6ರ ಬೆಳಿಗ್ಗೆ ಹಾಶಿಮೊತೊ ಉತಾರೊ, ಇವಾಮೊತೊ ಕಾವೊರು ಇಬ್ಬರೂ ಹಿಂದಿನ ದಿನ ನಿಲ್ಲಿಸಿದಲ್ಲಿಂದ ಶುರು ಮಾಡಲು ಕೂತಿದ್ದರು. ಬೆಳಕು ಹೊಡೆಯಿತು, ಆಮೇಲೆ ಗಾಳಿ. ಗಾಜೆಲ್ಲ ಒಡೆಯಿತು, ಕಾಯಿಗಳು ಚೆಲ್ಲಾಪಿಲ್ಲಿಯಾದವು. ಏನಾಗಿದೆ ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೋಣೆ ಗುಡಿಸಿ, ಕಾಯಿ ಮತ್ತೆ ಜೋಡಿಸಿ ಆಟ ಮುಗಿಸಿದರು. ಹಾಶಿಮೊತೊ 5 ಅಂಕದಿಂದ ಗೆದ್ದ. ಮೊದಲ ಆಟ ನಡೆದ ಮನೆ ಉಳಿದಿರಲಿಲ್ಲ. ಇವಾಮೊತೊ ಮುಂದಿನ ಬದುಕನ್ನು ಹೊರದೇಶಗಳಲ್ಲಿ ಆಟ ಹಬ್ಬಿಸುವುದಕ್ಕೆ ಕೊಟ್ಟ. ನ್ಯೂಯಾರ್ಕ್, ಸಿಯಾಟಲ್, ಆಮ್‌ಸ್ಟರ್‌ಡಾಮ್, ಸಾವೊ ಪಾವ್ಲೊದ ಗೋ ಕೇಂದ್ರಗಳು ಅವನ ಹಣದಿಂದ ಎದ್ದವು.

ಚೀನಾದಲ್ಲಿ ಸಾಂಸ್ಕೃತಿಕ ಕ್ರಾಂತಿಯ ಕಾಲಕ್ಕೆ ಆಟ ನಿಂತೇಹೋಯಿತು. ಆಟಗಾರ ನಿಯೆ ವೆಯ್‌ಪಿಂಗ್‌ನನ್ನು ಈಶಾನ್ಯದ ಹೊಲದಲ್ಲಿ ದುಡಿಯಲು ಕಳಿಸಿದ್ದರು. ಅದೇ ನಿಯೆ 1985ರಲ್ಲಿ ಜಪಾನಿನ ಮೂವರು ದೊಡ್ಡ ಆಟಗಾರರನ್ನು ಸಾಲಾಗಿ ಸೋಲಿಸಿದಾಗ ಚೀನಾದ ಮನೆಮನೆಯಲ್ಲೂ ಅವನ ಹೆಸರು. ಅವನನ್ನು 1989ರಲ್ಲಿ, ಇಂಗ್ ಕಪ್ ಎಂಬ ವಿಶ್ವ ಮಟ್ಟದ ಪಂದ್ಯಾವಳಿಯ ಮೊದಲ ಫೈನಲ್‌ನಲ್ಲಿ 3–2ರಿಂದ ಸೋಲಿಸಿದವನು ಕೊರಿಯಾದ ಚೊ ಹುನ್‌ಹ್ಯುನ್. ಆಮೇಲೆ ಬಹಳ ವರ್ಷ ಕೊರಿಯಾದ್ದೇ ಕಾಲ.

ಕೈ ಇಲ್ಲದ ಎದುರಾಳಿ

2016ರ ಮಾರ್ಚ್‌ನಲ್ಲಿ ಸೋಲ್ ನಗರದಲ್ಲಿ ಕೊರಿಯಾದ ಹೆಸರಾಂತ ಆಟಗಾರ ಲೀ ಸೆಡಾಲ್ ಎದುರು ಕೂತದ್ದು ಡೀಪ್‌ಮೈಂಡ್ ಕಂಪನಿಯ ಆಲ್ಫಾಗೋ ಎಂಬ ಕಂಪ್ಯೂಟರ್ ಪ್ರೋಗ್ರಾಂ. ಕಾಯಿ ಇಡಲು ಅದಕ್ಕೆ ಕೈ ಇಲ್ಲ. ತಂಡದ ಆಜಾ ಹುವಾಂಗ್ ಪರದೆ ನೋಡಿ ಅದರ ಪರವಾಗಿ ಇಡುತ್ತಿದ್ದ. ಎರಡನೇ ಆಟದ 37ನೇ ನಡೆಯಲ್ಲಿ ಅವನ ಕೈ ಬಲಬದಿಯ ಅಂಚಿನಿಂದ ಐದನೇ ಗೆರೆಗೆ ಹೋಯಿತು. ಅಂಥ ಹೊತ್ತಿನಲ್ಲಿ ಅಷ್ಟು ಮೇಲಿನ ಗೆರೆಯಲ್ಲಿ ಆಡಬೇಡಿ ಎಂದೇ ಎಲ್ಲ ಗುರುಗಳೂ ಹೇಳಿಕೊಟ್ಟಿದ್ದರು. ಮನುಷ್ಯರು ಇದನ್ನು ಆಡುವ ಸಾಧ್ಯತೆ ಹತ್ತು ಸಾವಿರಕ್ಕೆ ಒಂದು ಎಂದು ಪ್ರೋಗ್ರಾಂ ತಾನೇ ಲೆಕ್ಕ ಹಾಕಿತ್ತು. ಲೀ ಆಗ ಕೋಣೆಯಲ್ಲಿ ಇರಲಿಲ್ಲ. ಬಂದು ನೋಡಿ ಹತ್ತು ನಿಮಿಷಕ್ಕೂ ಜಾಸ್ತಿ ಯೋಚಿಸಿದ. ಆ ಆಟ ಸೋತ, ಒಟ್ಟು 4–1ರಿಂದ ಸೋತ. ಗೆದ್ದ ಒಂದು ಆಟ ನಾಲ್ಕನೆಯದು. ಅಲ್ಲಿ ಅವನ 78ನೇ ನಡೆ ಪ್ರೋಗ್ರಾಮನ್ನೇ ದಿಕ್ಕು ತಪ್ಪಿಸಿತು.

ಗೋದಲ್ಲಿ ಒಂದು ಹಳೆಯ ರೂಢಿ ಇದೆ. ಆಟ ಮುಗಿದ ಮೇಲೆ ಗೆದ್ದವರು ಸೋತವರು ಇಬ್ಬರೂ ಎದ್ದುಹೋಗುವುದಿಲ್ಲ. ಮೊದಲಿನಿಂದ ಕಾಯಿಗಳನ್ನು ಮತ್ತೆ ಇಡುತ್ತಾ, ಇಲ್ಲಿ ಹೀಗೆ ಇಟ್ಟಿದ್ದರೆ, ಅಲ್ಲಿ ಹಾಗೆ ಇಟ್ಟಿದ್ದರೆ ಅಂತ ಮಾತಾಡುತ್ತಾರೆ. ಕೊರಿಯಾದಲ್ಲಿ ಇದಕ್ಕೆ ಬೊಕ್ಗಿ ಎನ್ನುತ್ತಾರೆ. ಝಿ ದುನ್ ಹೇಳಿದ ಕೈಮಾತು ಬಾಯಿಮಾತಾಗುವುದು ಆಗಲೇ. ಸೋಲ್‌ನಲ್ಲಿ ಎದುರಿಗೆ ಇದ್ದವನಿಗೆ ಆ ನಡೆ ಏಕೆ ಎಂದು ಹೇಳಲು ಏನೂ ಇರಲಿಲ್ಲ, ಅವನು ಬರೀ ಕಾಯಿ ಇಟ್ಟವನು. ಎರಡನೇ ಆಟ ಸೋತ ರಾತ್ರಿ ಲೀ ಗೆಳೆಯ ಆಟಗಾರರನ್ನು ತನ್ನ ಹೋಟೆಲ್ ಕೋಣೆಗೆ ಕರೆಸಿಕೊಂಡ. ಬೆಳಗಾಗುವವರೆಗೆ ಅವರು ಮಣೆಯ ಸುತ್ತ ಕೂತು ಕಾಯಿ ಇಟ್ಟು, ಎತ್ತಿ, ಮತ್ತೆ ಇಟ್ಟು ನೋಡುತ್ತಿದ್ದರು.